ಮಾಗಿ ಚಳಿಗೆ ಮೀಟರ್ ಬಿಸಿ

ಕಡಲೆಕಾಯಿ ಪರಿಷೆ ಮುಗೀತು, ತಳ್ಳೋಗಾಡಿಗೆ ಸೊಗಡವರೆ ಬಂತು ಅಂದ್ರೆ ಸಾಕು, ಈ ಕಾಲಂಗೆ ಬರೋ ಪತ್ರಗಳ ದಿಕ್ಕೇ ಬದಲಾಗುತ್ತೆ. ಅಲ್ಲೀವರೆಗೂ ಟೆರೇಸ್ ಲೀಕು, ಸಂಪಲ್ಲಿ ಹುಳ ಅಂತ ಬರೀತಿದ್ದೋರೆಲ್ಲ ಹೀಟರು, ಗೀಸರು, ಕರೆಂಟ್ ಬಿಲ್ಲು ಅಂತ ಶುರು ಮಾಡ್ತಾರೆ. ಬಂದಿರೋದ್ರಲ್ಲಿ ಆರನ್ನ ಆರಿಸ್ಕೊಂಡಿದೀನಿ. ಒಂದಕ್ಕೆ ಸ್ವಲ್ಪ ಗದರಿದೀನಿ, ಅವರು ಬೇಜಾರು ಮಾಡ್ಕೋಬಾರದು.

ಪ್ರಶ್ನೆ: ಅಕ್ಕಾ, ನಮ್ದು ವಿಜಯನಗರದಲ್ಲಿ ಗ್ರೌಂಡ್ ಫ್ಲೋರ್ ಬಾಡಿಗೆ ಮನೆ. ಕಿಟಕಿಯಿಂದ ಕೈ ಚಾಚಿದ್ರೆ ಪಕ್ಕದ ಮನೆ ಗೋಡೆ ಸಿಗುತ್ತೆ, ಬಿಸಿಲು ಅನ್ನೋದು ಒಳಗೆ ಬರೋದೇ ಇಲ್ಲ. ಮಕ್ಕಳು ನಡುಗ್ತಾರೆ ಅಂತ 2000 ವ್ಯಾಟಿನ ಫ್ಯಾನ್ ಹೀಟರ್ ತಂದು ಡಿಸೆಂಬರ್ ಪೂರ್ತಿ ರಾತ್ರಿ ನಾಲ್ಕು ಗಂಟೆ ಹಾಕಿದ್ವಿ. ಗೃಹಜ್ಯೋತೀಲಿ ಸೊನ್ನೆ ಬರ್ತಿದ್ದ ಬಿಲ್ಲು ಈಗ 2,700 ಹತ್ರ ಬಂದಿದೆ. ಮೀಟರ್ ಕೆಟ್ಟಿದ್ಯಾ? ಕಂಪ್ಲೇಂಟ್ ಕೊಡ್ಲಾ? (ಹೆಸರು ಬೇಡ ಅಂದಿದ್ದಾರೆ)

ಉತ್ತರ: ಮೀಟರ್ ಚೆನ್ನಾಗೇ ಇದೆ ತಂಗಿ, ಕಂಪ್ಲೇಂಟಿಗೆ ಅಂತ ಅರ್ಧ ದಿನ ರಜ ಹಾಕ್ಬೇಡ. ಲೆಕ್ಕ ನೋಡು. 2000 ವ್ಯಾಟ್ ಅಂದ್ರೆ ಒಂದು ಗಂಟೆಗೆ 2 ಯೂನಿಟ್ಟು, ನಾಲ್ಕು ಗಂಟೆಗೆ 8, ತಿಂಗಳಿಗೆ 240. ನಿಮ್ಮನೇಲಿ ಮೊದಲು 120 ಆಸುಪಾಸು ಓಡ್ತಿತ್ತು ಅಂತ ಬರ್ದಿದೀಯ, ಎರಡೂ ಸೇರಿದ್ರೆ 360. ಈಗ ಗೃಹಜ್ಯೋತಿ ರೂಲ್ಸ್ ಹೇಗಿದೆ ಅಂದ್ರೆ, 2022-23ರಲ್ಲಿ ನಿಮ್ಮ ಮೀಟರಿನ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ ಅಷ್ಟಕ್ಕೆ ಸೊನ್ನೆ, ಅದನ್ನ ದಾಟಿ 200ರ ಒಳಗಿದ್ರೆ ದಾಟಿದ ಯೂನಿಟ್ಟಿಗಷ್ಟೇ ದುಡ್ಡು, 200 ದಾಟಿದ್ರೆ ಮುಗೀತು, ಮೊದಲನೇ ಯೂನಿಟ್ಟಿಂದ ಪೂರ್ತಿ ಬಿಲ್ ನಿಮ್ದೇ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂತ ಹಿಡಿದ್ರೂ 360ಕ್ಕೆ 2,160, ಆಮೇಲೆ ಫಿಕ್ಸೆಡ್ ಚಾರ್ಜು, ಟ್ಯಾಕ್ಸು, ಸರ್‌ಚಾರ್ಜು ಎಲ್ಲ ಕೂಡಿದ್ರೆ ನಿನ್ನ 2,700 ಬಂದೇ ಬರುತ್ತೆ.

ಹೀಟರ್ ಬಿಸಾಕು ಅಂತ ಹೇಳ್ತಿಲ್ಲ. ದಿನಕ್ಕೆ 2 ಯೂನಿಟ್ ಮೀರಿಸ್ಬೇಡ, ಅಷ್ಟೇ. ಅದರಲ್ಲಿ 1000 ಮತ್ತೆ 2000 ಅಂತ ಎರಡು ನಂಬರ್ ಇರುತ್ತಲ್ಲ, 1000ದಲ್ಲಿ ಇಟ್ಟು ಮಕ್ಕಳು ಮಲಗೋಕೆ ಒಂದು ಗಂಟೆ ಮುಂಚೆ, ಬೆಳಗ್ಗೆ ಸ್ಕೂಲಿಗೆ ಹೊರಡೋವಾಗ ಒಂದು ಗಂಟೆ, ಸಣ್ಣ ರೂಮಿನ ಬಾಗಿಲು ಹಾಕ್ಕೊಂಡು. ಆಗ ತಿಂಗಳಿಗೆ 60, ಒಟ್ಟು 180, 200ರ ಒಳಗೇ ಇರ್ತೀಯ, 400 ರೂಪಾಯಿ ಒಳಗೆ ಚಳಿಗಾಲದ ಒಂದು ತಿಂಗಳು ಕಳೆಯುತ್ತೆ.

ಆದ್ರೆ ನಿಮ್ಮನೆ ಕಾಯಿಲೆ ಇರೋದು ಬೇರೆ ಕಡೆ. ಬೆಂಗಳೂರಿನ ಚಳಿಗಾಲದಲ್ಲಿ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತೆ ಸರಿ, ಮಧ್ಯಾಹ್ನ ಮಾತ್ರ 26, 27ಕ್ಕೆ ಹೋಗುತ್ತೆ. ನಿನ್ನಂಥ ಬಿಸಿಲು ಬೀಳದ ಮನೆ ಒಳಗೆ ಮಧ್ಯಾಹ್ನ ಎರಡು ಗಂಟೇಲೂ ತಣ್ಣಗೇ ಇರುತ್ತೆ, ಗೇಟಿನ ಹೊರಗೆ ಬಂದು ನಿಂತ್ರೆ ಹಾಯಾಗಿರುತ್ತೆ. ಗಮನಿಸಿದೀಯಾ? ಅಂದ್ರೆ ಹೀಟರು ಬೀದೀಲೇ ಉರೀತಿದೆ, ನೀನು ಕಿಟಕಿ ಹಾಕ್ಕೊಂಡು ಒಳಗೆ ಕೂತಿದೀಯ. ನಾವು ಮಾಡೋ ತಪ್ಪೇ ಅದು, ಚಳಿಗಾಲ ಅಂದ್ರೆ ಇಡೀ ದಿನ ಕಿಟಕಿ ಮುಚ್ಚಿಡ್ಬೇಕು ಅಂದ್ಕೊಂಡಿರ್ತೀವಿ. 11ರಿಂದ 4ರವರೆಗೆ ಎದುರುಬದುರು ಕಿಟಕಿ ತೆಗೆದು ಹೊರಗಿನ ಗಾಳಿ ಆಡಿಸು, ಗೋಡೆ, ನೆಲ, ಮಂಚ, ಹಾಸಿಗೆ ಎಲ್ಲ ಆ ಬಿಸೀನ ಕುಡೀತವೆ. ಐದು ಗಂಟೆಗೆ ಹೇಗೂ ಸೊಳ್ಳೆಗೆ ಅಂತ ಬಾಗಿಲು ಹಾಕ್ತೀವಲ್ಲ, ಆಗ ಎಲ್ಲಾ ಗಟ್ಟಿಯಾಗಿ ಮುಚ್ಚು, ಕರ್ಟನ್ ಎಳಿ. ಕೆಲಸಕ್ಕೆ ಹೋಗೋರಾದ್ರೆ ಶನಿವಾರ ಭಾನುವಾರನಾದ್ರೂ ಮಾಡು, ಇಲ್ಲ ಮೆಷ್ ಹಾಕಿರೋ ಕಿಟಕೀನ ಗ್ರಿಲ್ ಭದ್ರವಾಗಿದ್ರೆ ತೆಗೆದಿಟ್ಟು ಹೋಗು. ಬಿಸಿ ಜೊತೆ ಇನ್ನೊಂದು ಲಾಭಾನೂ ಇದೆ, ಬೀರು ಹಿಂದೆ ಗೋಡೆಗೆ ಬೂಷ್ಟು ಹಿಡಿಯಲ್ಲ.

ಆಮೇಲೆ ರಾತ್ರಿ ಒಂಬತ್ತು ಗಂಟೆಗೆ ಒಂದು ಊದುಬತ್ತಿ ಹಚ್ಕೊಂಡು, ಫ್ಯಾನ್ ಆಫ್ ಮಾಡಿ, ಮನೆಯೆಲ್ಲ ಒಂದು ರೌಂಡ್ ಬಾ. ಬಾಗಿಲ ಕೆಳಗೆ, ಸ್ಲೈಡಿಂಗ್ ಕಿಟಕಿಯ ಎರಡು ಗಾಜು ಸೇರೋ ಕಡೆ, ಮೀಟರ್ ಬೋರ್ಡಿಂದ ವೈರ್ ಒಳಗೆ ಬರೋ ತೂತಿನ ಹತ್ರ ಬತ್ತಿ ಹಿಡಿ. ಹೊಗೆ ನೆಟ್ಟಗೆ ಮೇಲೆ ಹೋದ್ರೆ ಸರಿ, ಸರಕ್ಕಂತ ಅಡ್ಡ ಬಾಗಿದ್ರೆ ಅಲ್ಲಿಂದ ಚಳಿ ಬರ್ತಿದೆ ಅಂತ ಅರ್ಥ. ನಮ್ಮನೇಲಿ ಹೀಗೆ ನೋಡಿದಾಗ ಕಿಟಕಿಗಳೆಲ್ಲ ಪಾಸಾದ್ವು, ಎಸಿಗೆ ಅಂತ ಯಾವತ್ತೋ ಕೊರೆಸಿ ಎಸಿ ಹಾಕಿಸ್ದೇ ಬಿಟ್ಟಿದ್ದ ಮೂರಿಂಚಿನ ತೂತು ಸಿಕ್ಕಿಬಿತ್ತು, ಹದಿನಾಲ್ಕು ವರ್ಷದಿಂದ ಅದರ ಮುಂದೆ ಕ್ಯಾಲೆಂಡರ್ ತೂಗಾಡ್ತಾ ಇತ್ತು, ಪ್ರತಿ ಚಳಿಗಾಲ ಕ್ಯಾಲೆಂಡರ್ ಯಾಕೆ ಹಿಂಗೆ ಪಟಪಟ ಅನ್ನುತ್ತೆ ಅಂತ ನಮ್ಮೆಜಮಾನ್ರು ಕೇಳ್ತಾನೇ ಇದ್ರು. ಹಾರ್ಡ್‌ವೇರ್ ಅಂಗಡೀಲಿ ಫೋಮ್ ಟೇಪು, ಬಾಗಿಲಿಗೆ ಬ್ರಶ್ ಪಟ್ಟಿ ಸಿಗುತ್ತೆ. ಅದೂ ಬೇಡ ಅಂದ್ರೆ ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಒಳಗೆ ಚಿಂದಿ ಬಟ್ಟೆ ತುರುಕಿ ಎರಡೂ ತುದಿ ಹೊಲಿದು ಬಾಗಿಲ ಬುಡಕ್ಕೆ ಒತ್ತರಿಸು, ಓನರ್ ಪರ್ಮಿಷನ್ನೂ ಬೇಕಾಗಿಲ್ಲ. ಅಡುಗೆಮನೆ ಒಂದನ್ನ ಮಾತ್ರ ಮುಚ್ಚಕ್ಕೆ ಹೋಗ್ಬೇಡ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ನೆಲಕ್ಕೇ ಇಳಿದು ನಿಲ್ಲುತ್ತೆ, ಅಲ್ಲಿ ಕೆಳಗೆ ಗಾಳಿ ಓಡಾಡ್ಲೇಬೇಕು.

ಇನ್ನು ಆ ಹೀಟರ್ ಪ್ಲಗ್ಗು. 2000 ವ್ಯಾಟ್ ಅಂದ್ರೆ 8ರಿಂದ 9 ಆಂಪ್ಸ್ ಎಳೆಯುತ್ತೆ, ಮಾಮೂಲಿ ಸಣ್ಣ ಸಾಕೆಟ್ ಇರೋದೇ 6 ಆಂಪಿಗೆ. ದೊಡ್ಡ ಪಿನ್ನಿನ 16 ಆಂಪ್ ಪಾಯಿಂಟಿಗೇ ಹಾಕ್ಬೇಕು. ಎಕ್ಸ್‌ಟೆನ್ಷನ್ ಬಾಕ್ಸಲ್ಲಿ ಮೊಬೈಲ್ ಚಾರ್ಜರ್ ಪಕ್ಕ ಹೀಟರ್ ಸಿಗ್ಸಿ ಮಲಗಿಬಿಡೋ ಮನೆಗಳನ್ನ ನಾನು ನೋಡಿದೀನಿ, ಬೆಳಗ್ಗೆ ಎದ್ದು ಪ್ಲಗ್ಗು ಮುಟ್ಟಿದ್ರೆ ಅದೇ ಹೀಟರಿಗಿಂತ ಬಿಸಿ ಇರುತ್ತೆ.

ಪ್ರಶ್ನೆ: ಮೇಡಂ, ಯಾವ ಹೀಟರ್ ಕಮ್ಮಿ ಕರೆಂಟ್ ತಿನ್ನುತ್ತೆ? ಅಂಗಡಿಯವನು ಆಯಿಲ್ ಹೀಟರ್ ತಗೊಳಿ, ಅರ್ಧಕ್ಕರ್ಧ ಉಳಿತಾಯ ಅಂತಾನೆ. ರೇಟ್ ಕೇಳಿದ್ರೆ ಹತ್ತು ಸಾವಿರದ ಮೇಲೆ. (ಜೆ.ಪಿ. ನಗರ)

ಉತ್ತರ: ಅಂಗಡಿಯವನಿಗೆ ಉಳಿತಾಯ. ಕಾಯಿಲ್, ರಾಡ್, ಹ್ಯಾಲೊಜನ್, ಬ್ಲೋವರ್, ಆಯಿಲ್, ಯಾವ್ದೇ ಆಗ್ಲಿ 1 ಯೂನಿಟ್ ಕರೆಂಟಿಗೆ ಕೊಡೋ ಬಿಸಿ ಅಷ್ಟಕ್ಕಷ್ಟೇ, ಒಂದು ಚಮಚಾನೂ ಹೆಚ್ಚಿಲ್ಲ ಕಮ್ಮಿಯಿಲ್ಲ. ಬಿಸಿ ಬರೋ ರೀತಿ ಮಾತ್ರ ಬೇರೆ. ಹ್ಯಾಲೊಜನ್ ಎದುರಿಗೆ ಕೂತೋರನ್ನ ಸುಡುತ್ತೆ, ಪಕ್ಕದಲ್ಲಿರೋರಿಗೆ ಏನೂ ಇಲ್ಲ, ಹಾಗಾಗಿ ಒಬ್ರೇ ಟೇಬಲ್ ಹತ್ರ ಕೂತು ಕೆಲಸ ಮಾಡೋದಾದ್ರೆ 400 ವ್ಯಾಟಿನದ್ದೇ ಧಾರಾಳ. ಬ್ಲೋವರ್ ಸಣ್ಣ ರೂಮನ್ನ ಬೇಗ ಬಿಸಿ ಮಾಡುತ್ತೆ, ಆಫ್ ಮಾಡಿದ ಕೂಡ್ಲೇ ಮುಗೀತು. ಆಯಿಲ್ ಹೀಟರು ನಿಧಾನ, ಆದ್ರೆ ಸದ್ದಿಲ್ಲ, ಆಫ್ ಮಾಡಿದ್ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತೆ, ವಯಸ್ಸಾದೋರ ರೂಮಿಗೆ ಒಳ್ಳೇದು. ಆದ್ರೆ ಬೆಂಗಳೂರಲ್ಲಿ ವರ್ಷಕ್ಕೆ ಒಂದೂವರೆ ತಿಂಗಳ ಚಳಿಗೆ ಹತ್ತು ಸಾವಿರ ಹಾಕಿ, ಉಳಿದ ಹತ್ತೂವರೆ ತಿಂಗಳು ಅಟ್ಟದ ಮೇಲೆ ಧೂಳು ಕುಡಿಯೋಕೆ ಬಿಡೋದು ನನಗೆ ಒಪ್ಪಿಗೆ ಇಲ್ಲ.

ನಿಜವಾಗ್ಲೂ ಕಮ್ಮಿ ಕರೆಂಟಲ್ಲಿ ಜಾಸ್ತಿ ಬಿಸಿ ಕೊಡೋದು ಒಂದೇ, ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿ. ಅದು ಕರೆಂಟಿಂದ ಬಿಸಿ ಹುಟ್ಟಿಸಲ್ಲ, ಹೊರಗಿನ ಗಾಳೀಲಿರೋ ಬಿಸೀನ ಒಳಗೆ ಸಾಗಿಸುತ್ತೆ, ಬೇಸಿಗೇಲಿ ಮಾಡೋದನ್ನೇ ಉಲ್ಟಾ. ಹಾಗಾಗಿ 1 ಯೂನಿಟ್ಟಿಗೆ ಸುಮಾರು 3 ಯೂನಿಟ್ಟಿನಷ್ಟು ಬಿಸಿ ಬರುತ್ತೆ. ಹೊರಗೆ 15 ಡಿಗ್ರಿ ಇರೋ ನಮ್ಮೂರಿನ ಚಳಿ ಅದಕ್ಕೆ ಹೂವೆತ್ತಿದ ಹಾಗೆ. ಹೇಗೂ ಹೊಸ ಎಸಿ ಹಾಕಿಸೋ ಪ್ಲಾನ್ ಇದ್ರೆ ಇದನ್ನ ಕೇಳಿ ನೋಡಿ, ಬರೀ ಚಳಿಗೋಸ್ಕರ ಬೇಡ.

ಪ್ರಶ್ನೆ: ಮಗಳ ಬಾಣಂತನ ನಮ್ಮನೇಲೇ, ಯಲಹಂಕದಲ್ಲಿ. ಮಗುಗೆ ಈಗ 20 ದಿನ. ನಮ್ಮತ್ತೆ, ಅವರಿಗೆ 82 ವರ್ಷ, ಬಾಣಂತಿ ಕೋಣೇಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಬಾಗಿಲು ಕಿಟಕಿ ಮುಚ್ಚಿಡಿ, ನಮ್ಮ ಕಾಲದಲ್ಲಿ ಹಂಗೇ ಮಾಡ್ತಿದ್ವಿ ಅಂತ ದಿನಾ ಹೇಳ್ತಾರೆ. ಕರೆಂಟ್ ಖರ್ಚೂ ಇಲ್ವಲ್ಲ, ಹೊಗೆ ಬರದ ಇದ್ದಿಲು ತಂದ್ರೆ ಆಗಲ್ವಾ?

ಉತ್ತರ: ಆಗಲ್ಲ. ಇದಕ್ಕೇ ನಾನು ಗದರಿದೀನಿ ಅಂದಿದ್ದು.

ಹೊಗೆ ಇಲ್ದೇ ಇರೋ ಕೆಂಡಾನೇ ಹೆಚ್ಚು ಮೋಸ ಮಾಡೋದು. ಹೊಗೆ ಇದ್ರೆ ಕಣ್ಣುರಿಯುತ್ತೆ, ಕೆಮ್ಮು ಬರುತ್ತೆ, ಎದ್ದು ಬಾಗಿಲು ತೆಗೀತೀವಿ. ಕೆಂಪಗೆ ಉರಿಯೋ ಇದ್ದಿಲಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನ ಆಕ್ಸಿಜನ್‌ಗಿಂತ 200 ಪಟ್ಟಿಗೂ ಮೀರಿ ಗಟ್ಟಿಯಾಗಿ ಹಿಡ್ಕೊಳುತ್ತೆ, ಆಕ್ಸಿಜನ್ನಿಗೆ ಜಾಗಾನೇ ಬಿಡಲ್ಲ. ಮೊದಲು ತಲೆನೋವು, ವಾಂತಿ ಬಂದಂಗೆ, ಆಮೇಲೆ ಮಂಪರು. ಮಲಗಿದ್ದೋರಿಗೆ ಅದೂ ಗೊತ್ತಾಗಲ್ಲ. ಚಳಿಗಾಲ ಬಂದ್ರೆ ಇಂಥ ಸುದ್ದಿ ಪೇಪರಲ್ಲಿ ಓದ್ತಾನೇ ಇರ್ತೀವಲ್ಲ, ರೂಮಲ್ಲಿ ಕೆಂಡ ಇಟ್ಕೊಂಡು ಮಲಗಿದೋರು ಬೆಳಗ್ಗೆ ಏಳಲಿಲ್ಲ ಅಂತ. ಕಿಟಕಿ ಒಂಚೂರು ತೆಗೆದಿಡ್ತೀವಿ ಅನ್ನೋದೂ ಬೇಡ, ಎಷ್ಟು ತೆಗೆದ್ರೆ ಸಾಕು ಅಂತ ಯಾರು ಅಳೆದು ಹೇಳ್ತಾರೆ? ಅಜ್ಜಿ ಹೇಳೋದು ಸುಳ್ಳಲ್ಲ, ಅವರ ಕಾಲದಲ್ಲಿ ಮಾಡ್ತಿದ್ರು, ಆದ್ರೆ ಅದು ಹೆಂಚಿನ ಮನೆ, ಹೆಂಚಿನ ಸಂದೀಲಿ, ಮರದ ಬಾಗಿಲಿನ ಸಂದೀಲಿ ಗಾಳಿ ಓಡಾಡ್ತಿತ್ತು. ನಿಮ್ದು ಮೋಲ್ಡ್ ಹಾಕಿದ ಮನೆ, ಯುಪಿವಿಸಿ ಕಿಟಕಿ, ಡಬ್ಬಿ ಮುಚ್ಚಿದ ಹಾಗೆ. ಹೀಗೆ ಬಿಡಿಸಿ ಹೇಳಿದ್ರೆ ಅವರಿಗೂ ಬೇಜಾರಾಗಲ್ಲ.

ಸಾಂಬ್ರಾಣಿಗೂ ಇದೇ ಮಾತು. ಮಗುಗೆ ನೀರು ಹಾಕಿದ ಮೇಲೆ ಹೊಗೆ ಹಿಡಿಯೋದನ್ನ ಬಿಟ್ಬಿಡಿ, ಅಷ್ಟು ಸಣ್ಣ ಶ್ವಾಸಕೋಶಕ್ಕೆ ಯಾವ ಹೊಗೇನೂ ಒಳ್ಳೇದಲ್ಲ. ಅಜ್ಜಿಗೆ ಸಮಾಧಾನ ಆಗ್ಬೇಕು ಅಂದ್ರೆ ಹಾಲಲ್ಲಿ, ದೇವರ ಮುಂದೆ ಹಾಕಿ.

ಮಗುಗೆ ಏನು ಮಾಡ್ಬೇಕು? ಬೆಳಗ್ಗೆ ಆರಕ್ಕೆ ನೀರು ಹಾಕೋ ಪದ್ಧತಿ ಇದ್ರೆ ಅದನ್ನ ಹನ್ನೊಂದಕ್ಕೆ ತನ್ನಿ, ಅರ್ಧ ಚಳಿ ಅಲ್ಲೇ ಹೋಯ್ತು. ಅದಕ್ಕೆ ಮುಂಚೆ ಅರ್ಧ ಗಂಟೆ ರೂಮಲ್ಲಿ ಹೀಟರ್ ಹಾಕಿ, ಮಗೂನ ಒಳಗೆ ತರೋ ಹೊತ್ತಿಗೆ ಆಫ್ ಮಾಡಿ. ಹೀಟರಿಂದ ಪರದೆ, ಹಾಸಿಗೆ, ಮಗು ಬಟ್ಟೆ ಎಲ್ಲ ಮೂರಡಿ ದೂರ. ಅದರ ಮೇಲೆ ಲಂಗೋಟಿ ಒಣಗಿಸ್ಬೇಡಿ, ಎಲ್ಲರ ಮನೇಲೂ ಇದೊಂದು ನಡೀತಾನೇ ಇರುತ್ತೆ. ನಮಗೆ ಎಷ್ಟು ಬಟ್ಟೆ ಬೇಕೋ ಅದರ ಮೇಲೆ ಒಂದು ಪದರ ಹೆಚ್ಚು ಮಗುಗೆ, ಅಷ್ಟು ಸಾಕು, ಬೆವರೋ ಹಂಗೆ ಸುತ್ತಿಡ್ಬೇಡಿ, ಮುಖದ ಹತ್ರ ಸಡಿಲ ಹೊದಿಕೆ ಇಡ್ಬೇಡಿ. ಅಮ್ಮನ ಎದೆಗೆ ಬರಿಮೈಯಲ್ಲಿ ಒತ್ತಿ ಮಲಗಿಸ್ಕೊಂಡು ಮೇಲೆ ಒಂದು ಶಾಲು ಹೊದ್ರೆ ಅದಕ್ಕಿಂತ ಒಳ್ಳೇ ಹೀಟರ್ ಇಲ್ಲ, ಕಮ್ಮಿ ತೂಕದ ಮಕ್ಕಳಿಗೆ ಆಸ್ಪತ್ರೇಲೂ ಅದನ್ನೇ ಹೇಳ್ಕೊಡ್ತಾರೆ. ಮಗು ಮೈ ತಣ್ಣಗಾಗಿ, ಹಾಲು ಕುಡೀತಿಲ್ಲ, ಮಂಕಾಗಿದೆ ಅನ್ನಿಸಿದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ, ಡಾಕ್ಟರ ಹತ್ರ ಕರ್ಕೊಂಡೋಗಿ.

ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇಟ್ಕೊಂಡಿರೋರು ಈ ಉತ್ತರಾನ ಇನ್ನೊಂದ್ಸಲ ಓದಿ. ಅದರಿಂದ ಬರೋದೂ ಇದೇ ವಿಷ. ಗೀಸರ್ ಹೊರಗೆ ಗಾಳಿ ಆಡೋ ಕಡೆ ಇರ್ಬೇಕು, ಒಳಗೆ ಬರೀ ನೀರಿನ ಪೈಪ್ ಬರ್ಬೇಕು.

ಪ್ರಶ್ನೆ: ಗಿರಿನಗರದಲ್ಲಿ ಮೂರನೇ ಮಹಡಿ, ನಮ್ಮ ಮೇಲೆ ಬರೀ ಟೆರೇಸು. ಬೇಸಿಗೇಲಿ ಕಾವಲಿ, ಚಳೀಲಿ ಫ್ರಿಜ್ಜು. ಹೋದ ವರ್ಷ ಬೇಸಿಗೆ ತಡೀಲಾರದೆ ಟೆರೇಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿದ್ವಿ, ಅದರಿಂದಲೇ ಈಗ ಚಳಿ ಜಾಸ್ತಿ ಆಗಿದೆ ಅಂತ ನಮ್ಮನೆಯವರ ವಾದ. ಹೌದಾ?

ಉತ್ತರ: ನಿಮ್ಮನೆಯವರು ಹೇಳೋದ್ರಲ್ಲಿ ಸ್ವಲ್ಪ ಸತ್ಯ ಇದೆ, ಆದ್ರೂ ಪೇಂಟ್ ಕೆರೆಸೋಕೆ ಹೋಗ್ಬೇಡಿ. ಬಿಳಿ ಬಣ್ಣ ಹಗಲು ಬಿಸಿಲನ್ನ ವಾಪಸ್ ಕಳಿಸುತ್ತೆ, ಹಾಗಾಗಿ ಸಂಜೆ ಹೊತ್ತಿಗೆ ಸ್ಲ್ಯಾಬಲ್ಲಿ ಕೂಡಿಟ್ಟ ಬಿಸಿ ಕಮ್ಮಿ ಇರುತ್ತೆ. ರಾತ್ರಿ ಮಾತ್ರ ಬಿಳೀದಾದ್ರೂ ಒಂದೇ, ಬರೀ ಸಿಮೆಂಟಾದ್ರೂ ಒಂದೇ, ಮೋಡ ಇಲ್ಲದ ಆಕಾಶಕ್ಕೆ ಮುಖ ಮಾಡಿ ಮಲಗಿರೋ ಸ್ಲ್ಯಾಬು ತನ್ನ ಬಿಸೀನೆಲ್ಲ ಮೇಲಕ್ಕೆ ಕೊಟ್ಕೊಂಡೇ ಇರುತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ಬೆಳಗ್ಗೆ ಆರಕ್ಕೆ ಬೀದೀಲಿ ನಿಂತಿರೋ ಕಾರುಗಳನ್ನ ನೋಡಿ, ಬಯಲಲ್ಲಿ ನಿಂತ ಕಾರಿನ ಟಾಪ್ ಮೇಲೆ ಇಬ್ಬನಿ ಹರೀತಿರುತ್ತೆ, ಹೊಂಗೆ ಮರದ ಕೆಳಗೆ ನಿಂತಿದ್ದು ಒಣಗಿರುತ್ತೆ. ಆ ಕಾರಿಗೆ ಆಕಾಶ ಕಾಣಲ್ಲ, ಅಷ್ಟೇ ವ್ಯತ್ಯಾಸ.

ಬೆಂಗಳೂರಲ್ಲಿ ದಾಖಲೆ ಚಳಿ ಅಂದ್ರೆ 1884ರ ಜನವರೀದು, 7.8 ಡಿಗ್ರಿ. ನೂರ ನಲವತ್ತು ವರ್ಷದಿಂದ ಆ ದಾಖಲೆ ಮುರಿದಿಲ್ಲ. ಬೇಸಿಗೆ ದಾಖಲೆ 39.2, ಅದು 2016ರ ಏಪ್ರಿಲ್‌ದು, ನೀವೂ ನಾನೂ ಕೂತು ಬೆವರಿದ್ದೇ. ಹಾಗಾಗಿ ಮೇಲಿನ ಮಹಡಿಯೋರು ಖರ್ಚು ಮಾಡೋದಾದ್ರೆ ಬೇಸಿಗೆ ನೋಡ್ಕೊಂಡೇ ಮಾಡ್ಬೇಕು. ಎರಡಕ್ಕೂ ಆಗೋದು ಅಂದ್ರೆ ಸ್ಲ್ಯಾಬಿಗೆ ಇನ್ಸುಲೇಷನ್, ಟೆರೇಸ್ ಮೇಲೆ ಫೋಮ್ ಬೋರ್ಡ್ ಹಾಕಿ ಅದರ ಮೇಲೆ ಟೈಲ್ಸ್, ಅಥವಾ ರೂಮಿಗೆ ಗಾಳಿ ಸಂದು ಬಿಟ್ಟು ಫಾಲ್ಸ್ ಸೀಲಿಂಗ್. ದುಡ್ಡಿನ ಬಾಬ್ತು, ಸ್ವಂತ ಮನೆ ಆದ್ರೆ ಮಾತ್ರ ಯೋಚಿಸಿ. ಸದ್ಯಕ್ಕೆ ಮಂಚಾನ ಹೊರಗಿನ ಗೋಡೆಯಿಂದ ಒಂದಡಿ ಈಚೆಗೆ ಎಳೀರಿ. ಮೂಲೆ ರೂಮು ಬಿಟ್ಟು ನಡುವಿನ ರೂಮಲ್ಲಿ ಒಂದೂವರೆ ತಿಂಗಳು ಎಲ್ಲರೂ ಒಟ್ಟಿಗೆ ಮಲಗಿ, ಒಬ್ಬೊಬ್ಬರ ಮೈಯಿಂದ 70, 80 ವ್ಯಾಟಿನಷ್ಟು ಬಿಸಿ ನಿದ್ದೇಲೂ ಬರ್ತಾನೇ ಇರುತ್ತೆ, ನಾಲ್ಕು ಜನ ಅಂದ್ರೆ ಒಂದು ಸಣ್ಣ ಹೀಟರೇ ಆಯ್ತು. ಗೊರಕೆ ಹೊಡೆಯೋರಿದ್ರೆ ಅದಕ್ಕೆ ನನ್ನ ಹತ್ರ ಪರಿಹಾರ ಇಲ್ಲ.

ಪ್ರಶ್ನೆ: ಮನೆ ಮೇಲೆ 200 ಲೀಟರ್ ಸೋಲಾರ್ ಇದೆ, ಆದ್ರೂ ಚಳಿಗಾಲದಲ್ಲಿ ಬೆಳಗ್ಗೆ ನೀರು ಉಗುರು ಬೆಚ್ಚಗೆ ಅಷ್ಟೇ. ಕೊನೆಗೆ ಎಲ್ಲರೂ ಗೀಸರೇ ಹಾಕ್ತಾರೆ. ಎರಡೂ ಇಟ್ಕೊಂಡು ಬಿಲ್ಲೂ ಕಟ್ಟೋ ಕರ್ಮ. (ರಾಜರಾಜೇಶ್ವರಿ ನಗರ)

ಉತ್ತರ: ಮೊದಲು ನಿಮ್ಮನೇಲಿ ರಾತ್ರಿ ಸ್ನಾನ ಮಾಡೋರು ಯಾರು ಅಂತ ಹುಡುಕಿ! ಹತ್ತು ಗಂಟೆಗೆ ಆಫೀಸಿಂದ ಬಂದೋರು ಬಿಸಿನೀರು ಬಿಟ್ಕೊಂಡ್ರೆ, ಎಷ್ಟು ನೀರು ಹೊರಗೆ ಬಂತೋ ಅಷ್ಟೇ ತಣ್ಣೀರು ಟ್ಯಾಂಕಿಗೆ ತುಂಬ್ಕೊಳುತ್ತೆ, ಅದನ್ನ ಕಾಯಿಸೋಕೆ ಸೂರ್ಯ ಬೆಳಗಿನವರೆಗೂ ಇಲ್ಲ. ಅದೇ ಬೆಳಗ್ಗೆ ಬಿಟ್ಕೊಂಡ್ರೆ ಇಡೀ ಹಗಲು ಕಾಯುತ್ತೆ. ನೂರಕ್ಕೆ ಐವತ್ತು ಕಂಪ್ಲೇಂಟು ಇಷ್ಟೇ ಇರುತ್ತೆ, ಟೆಕ್ನಿಷಿಯನ್ ಬಂದು ವಾಲ್ವ್ ಬದಲಾಯಿಸಿ ದುಡ್ಡು ಇಸ್ಕೊಂಡು ಹೋಗ್ತಾನೆ, ಅಂತೂ ನೀರು ಹಂಗೇ ಇರುತ್ತೆ. ಆಮೇಲೆ ಗಾಜಿನ ಟ್ಯೂಬ್ ಮೇಲೆ ಧೂಳು ಕೂತಿದ್ರೆ ಒರೆಸಿ, ಪಕ್ಕದವರು ಹೊಸದಾಗಿ ಎಬ್ಬಿಸಿದ ಮಹಡಿ ನೆರಳು ಬೀಳ್ತಿದ್ಯಾ ನೋಡಿ. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಮಟಮಟ ಮಧ್ಯಾಹ್ನಾನೂ ನೆತ್ತಿ ಮೇಲೆ ಬರಲ್ಲ, ಬೇಸಿಗೇಲಿ ಬೀಳದ ನೆರಳು ಈಗ ಬೀಳುತ್ತೆ. ಬೋರ್ ನೀರಾದ್ರೆ ಒಳಗೆ ಸುಣ್ಣ ಕಟ್ಟಿರುತ್ತೆ, ಅದನ್ನ ಕ್ಲೀನ್ ಮಾಡಿಸ್ಬೇಕು.

ಇನ್ನೊಂದು, ಟೆರೇಸಿಂದ ಗ್ರೌಂಡ್ ಫ್ಲೋರಿಗೆ ಅರವತ್ತಡಿ ಪೈಪ್ ಇದ್ರೆ ಅದರೊಳಗೇ 4, 5 ಲೀಟರ್ ತಣ್ಣೀರು ನಿಂತಿರುತ್ತೆ, ಬರೋ ಬಿಸಿನೀರಿಂದ ಪೈಪೂ ಬಿಸಿಯಾಗ್ಬೇಕು. ಆ ಮೊದಲ ಅರ್ಧ ಬಕೆಟ್ ನೋಡಿ ಸೋಲಾರ್ ಬರ್ತಿಲ್ಲ ಅಂತ ಗೀಸರ್ ಸ್ವಿಚ್ ಹಾಕ್ಬಿಡ್ತಾರೆ. ಅದನ್ನ ಬೇರೆ ಬಕೆಟಿಗೆ ಹಿಡಿದು ನೆಲ ಒರೆಸೋಕೆ ಇಟ್ಕೊಳಿ, ಪೈಪಿಗೆ ಕಪ್ಪು ಫೋಮ್ ಸ್ಲೀವ್ ಹಾಕಿಸಿ.

ಗೀಸರ್ ಹಾಕ್ಲೇಬೇಕಾದ್ರೂ ಬಕೆಟ್ ಸ್ನಾನಕ್ಕೆ ಅರ್ಧ ಯೂನಿಟ್ ಸಾಕು, ಹತ್ತು ನಿಮಿಷ ಶವರ್ ಕೆಳಗೆ ನಿಂತ್ರೆ 2 ಯೂನಿಟ್ ಹತ್ರ ಹೋಗುತ್ತೆ. ನಾಲ್ಕು ಜನದ ಮನೇಲಿ ದಿನಾ 6 ಯೂನಿಟ್ ವ್ಯತ್ಯಾಸ. ಚಳಿಗಾಲದ ಬಿಲ್ಲು ಹೀಟರಿಂದ ಏರುತ್ತೆ ಅಂದ್ಕೊಂಡಿರ್ತೀವಿ, ಬೆಂಗಳೂರಿನ ಮುಕ್ಕಾಲು ಮನೇಲಿ ಅದು ಏರೋದು ಬಾತ್‌ರೂಮಲ್ಲಿ.

ಪ್ರಶ್ನೆ: ನಮಸ್ಕಾರ. ನಾವು ಗಂಡ ಹೆಂಡ್ತಿ ಜಯನಗರದೋರು, ಈಗ ಮಗನ ಮನೆ ಶಿಕಾಗೋದಲ್ಲಿ ಇದೀವಿ. ಹೊರಗೆ ಮೈನಸ್ಸು. ಮಗ ಸೊಸೆ ಥರ್ಮೋಸ್ಟಾಟನ್ನ 68ರ ಮೇಲೆ ಏರಿಸೋಕೆ ಬಿಡಲ್ಲ, ರಾತ್ರಿ ಇನ್ನೂ ಇಳಿಸ್ತಾರೆ. ಅಷ್ಟು ಸಂಪಾದಿಸೋರು ಇಷ್ಟು ಜಿಪುಣತನ ಮಾಡೋದಾ? ಹೇಳೋಕೂ ಆಗ್ತಿಲ್ಲ. ನನ್ನ ಕಾಲು ಐಸಾಗಿರುತ್ತೆ.

ಉತ್ತರ: ಅಮ್ಮಾ, ಮಗನ್ನ ಬಯ್ಯೋಕೆ ಮುಂಚೆ ಇದನ್ನ ಕೇಳಿ, 68 ಫ್ಯಾರನ್‌ಹೀಟ್ ಅಂದ್ರೆ ನಮ್ಮ 20 ಡಿಗ್ರಿ. ಜನವರಿ ಬೆಳಗ್ಗೆ ಜಯನಗರದ ನಿಮ್ಮನೆ ಹಾಲಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಅಲ್ಲಿ ನೀವು ಸ್ವೆಟರ್ ಹಾಕ್ಕೊಂಡು ಕಾಫಿ ಕುಡ್ಕೊಂಡು ಆರಾಮಾಗಿ ಪೇಪರ್ ಓದ್ತಿರ್ತೀರಿ. ಮತ್ತೆ ಅಲ್ಲಿ ಯಾಕೆ ಚಳಿ? ಗಾಳಿ 20 ಇದ್ರೂ ಕಿಟಕಿ ಗಾಜು, ಹೊರಗೋಡೆ ತಣ್ಣಗಿರುತ್ತೆ, ಅದರ ಪಕ್ಕ ಕೂತ್ರೆ ನಿಮ್ಮ ಮೈ ಬಿಸೀನ ಅವು ಎಳ್ಕೊಳ್ತವೆ. ನೀವು ಹೊರಗೆ ಹಿಮ ನೋಡ್ಬೇಕು ಅಂತ ಕಿಟಕಿ ಪಕ್ಕದ ಸೋಫಾದಲ್ಲೇ ಕೂರ್ತಿದೀರಾ ಅಂತ ನನ್ನ ಅನುಮಾನ. ಒಳಗೋಡೆ ಕಡೆ ಬನ್ನಿ. ಕತ್ತಲಾದ್ಮೇಲೆ ಕರ್ಟನ್ ಹಾಕಿ, ಬಿಸಿಲಿರೋ ದಿನ ದಕ್ಷಿಣದ ಕಿಟಕಿಯ ಕರ್ಟನ್ ಮಾತ್ರ ಸರಿಸಿಡಿ, ಗಾಜು ತೆಗೀಬೇಡಿ. ನೆಲದಲ್ಲೋ ಗೋಡೇಲೋ ಬಿಸಿಗಾಳಿ ಬರೋ ಜಾಲರಿ ಇರುತ್ತಲ್ಲ, ಅದರ ಮೇಲೆ ಸೂಟ್‌ಕೇಸ್ ಇಟ್ಟಿದ್ರೆ ತೆಗೀರಿ, ಅದರ ಮೇಲೆ ಬಟ್ಟೆ ಹರವಿದ್ರೆ ಅದನ್ನೂ ತೆಗೀರಿ.

ಜಿಪುಣತನದ ವಿಷಯಕ್ಕೆ ಬಂದ್ರೆ, ಮಲಗೋವಾಗ ಇಲ್ಲ ಮನೇಲಿ ಯಾರೂ ಇಲ್ಲದಾಗ ಎಂಟು ಗಂಟೆ ಹೊತ್ತು 7ರಿಂದ 10 ಫ್ಯಾರನ್‌ಹೀಟ್ ಇಳಿಸಿಟ್ರೆ ವರ್ಷದ ಖರ್ಚಲ್ಲಿ ಶೇ 10ರವರೆಗೂ ಉಳಿಯುತ್ತೆ ಅಂತ ಅಮೆರಿಕದ ಇಂಧನ ಇಲಾಖೇನೇ ಹೇಳುತ್ತೆ, ಮಗ ಮಾಡ್ತಿರೋದು ಅದನ್ನೇ. ಅಲ್ಲಿ ಇಡೀ ಮನೇನ ತಿಂಗಳುಗಟ್ಟಲೆ ಕಾಯಿಸ್ಬೇಕು, ನಮ್ಮ ಹಾಗೆ ಮಧ್ಯಾಹ್ನ ಕಿಟಕಿ ತೆಗೆದ್ರೆ ಪುಕ್ಕಟೆ ಬಿಸಿ ಬರಲ್ಲ. ಆದ್ರೂ ವಯಸ್ಸಾದ ಮೈಗೆ ಚಳಿ ಜಾಸ್ತಿ ತಗಲುತ್ತೆ, ಬಾಯಿಬಿಟ್ಟು ಹೇಳಿ, ಸಂಕೋಚ ಯಾಕೆ, ನಿಮ್ಮ ರೂಮಿಗೆ ಮಾತ್ರ ಏನಾದ್ರೂ ಮಾಡ್ತಾರೆ. ಗ್ಯಾಸ್ ಓವನ್ ಬಾಗಿಲು ತೆಗೆದು ಅಡುಗೆಮನೆ ಬಿಸಿ ಮಾಡ್ಕೊಳೋ ಐಡಿಯಾ ಮಾತ್ರ ಬೇಡ, ಯಲಹಂಕದವರಿಗೆ ಹೇಳಿದ ವಿಷ ಅಲ್ಲೂ ಅದೇ.

ಕಾಲಿಗೆ ನನ್ನ ಮದ್ದು ಒಂದಿದೆ, ಇದು ಜಯನಗರಕ್ಕೂ ಆಗುತ್ತೆ ಶಿಕಾಗೋಕ್ಕೂ ಆಗುತ್ತೆ, ಮೇಲೆ ಪತ್ರ ಬರೆದ ಎಲ್ಲರಿಗೂ ಆಗುತ್ತೆ. ರಬ್ಬರ್ ಬಿಸಿನೀರಿನ ಬ್ಯಾಗು. 2 ಲೀಟರ್ ನೀರು, ಕುದಿಯೋದಲ್ಲ, ಕೈ ಸಹಿಸೋದಕ್ಕಿಂತ ಒಂಚೂರು ಹೆಚ್ಚು ಬಿಸಿ, ಮುಕ್ಕಾಲು ತುಂಬಿಸಿ, ಒಳಗಿನ ಗಾಳಿ ಒತ್ತಿ ತೆಗೆದು ಬಿರಡೆ ತಿರುಗಿಸಿ, ಹಳೇ ಟವೆಲ್ ಸುತ್ತಿ ಮಲಗೋಕೆ ಹತ್ತು ನಿಮಿಷ ಮುಂಚೆ ರಜಾಯಿ ಒಳಗೆ ಕಾಲ ಹತ್ರ ಇಟ್ಬಿಡಿ. ಆ ನೀರು ಕಾಯಿಸೋಕೆ ಗೀಸರಲ್ಲಿ 50, 60 ಪೈಸೆ ಕರೆಂಟ್ ಆಗುತ್ತೆ ಅಷ್ಟೇ, ಹೀಟರಿಗೆ ಗಂಟೆಗೆ 12 ರೂಪಾಯಿ. ಶುಗರ್ ಇದ್ದು ಕಾಲು ಜೋಮು ಹಿಡಿಯೋರು ಮಾತ್ರ ಬ್ಯಾಗನ್ನ ಮೊದಲೇ ಇಟ್ಟು, ಮಲಗೋವಾಗ ತೆಗೆದುಬಿಡಿ, ಸುಟ್ರೂ ಅವರಿಗೆ ಗೊತ್ತಾಗಲ್ಲ.

ಇನ್ನು ಹೊದಿಕೆ ಮೇಲೆ ಹೊದಿಕೆ ಹೇರ್ತೀವಲ್ಲ, ಅದರಲ್ಲಿ ಒಂದನ್ನ ತೆಗೆದು ಕೆಳಗೆ ಹಾಸಿ ನೋಡಿ. ನೆಲದ ಮೇಲೆ, ದಿವಾನ್ ಮೇಲೆ, ತೆಳು ಹಾಸಿಗೇಲಿ ಮಲಗೋರಿಗೆ ಚಳಿ ಬರೋದು ಅಡಿಯಿಂದಾನೇ. ನಮ್ಮತ್ತೆ ಕೊನೇವರೆಗೂ ಚಾಪೆ, ಅದರ ಮೇಲೆ ಚಳ್ಳಕೆರೆ ಕಂಬಳಿ, ಅದರ ಮೇಲೆ ಹಾಸಿಗೆ, ಹೊದಿಯೋಕೆ ಒಂದು ಕೌದಿ, ಇಷ್ಟರಲ್ಲೇ ಚಳಿಗಾಲ ಕಳೆದ್ರು. ಕಂಬಳಿ ಚುಚ್ಚುತ್ತೆ ಅಂತ ನಾನು ಅದನ್ನ ಮೂಲೆಗೆ ಹಾಕಿದ್ದೆ, ಹೋದ ವಾರ ಮಾಗಿ ಚಳಿ ಸರಿಯಾಗಿ ಹಿಡಿದಾಗ ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದೀನಿ.